ಕೆಮ್ಮಿನ ತಾಳ

ಪರದೆಯ ಮೇಲಿನ ನೀಲಿ ಗೆರೆ ಅರ್ಧಕ್ಕೆ ಬಂದು ನಿಂತುಬಿಟ್ಟಿತ್ತು. ಸುಮಿತಾ ಗಾಡಿಯ ಬಾಗಿಲು ತೆರೆದಿಟ್ಟು, ಒಂದು ಕಾಲು ಒಳಗೆ, ಇನ್ನೊಂದು ಅಂಗಳದಲ್ಲಿ ಊರಿ, ಡ್ರೈವರ್ ಸೀಟಿನ ಅಂಚಿಗೆ ಕೂತು ಅದು ಮುಂದೆ ಸರಿಯಲೆಂದು ಕಾಯುತ್ತಿದ್ದಳು. ತೊಡೆಯ ಮೇಲಿನ ಹಳೆಯ ಲ್ಯಾಪ್‌ಟಾಪಿಗೆ ಬೆಳಗಿನ ರೊಟ್ಟಿಹಿಟ್ಟು ಮೆತ್ತಿಕೊಂಡಿತ್ತು. ಪೆನ್‌ಡ್ರೈವಿನ ಹಾಡುಗಳನ್ನೆಲ್ಲ ಮ್ಯೂಸಿಕ್ ಸೆಟ್ಟಿನ ಹೊಟ್ಟೆಗೆ ಇಳಿಸುವಷ್ಟು ಹೊತ್ತು ಗಾಡಿಯ ಕೀಲಿ ತಿರುಗಿಸಿಯೇ ಇಡಬೇಕು, ಮಧ್ಯದಲ್ಲಿ ಕಿತ್ತರೆ ಇಳಿದದ್ದೂ ಹಾಳು. ಅದಕ್ಕೇ ಅವಳು ಆ ವಾಸನೆಯಲ್ಲಿ ಕೂರಬೇಕಾಗಿತ್ತು.

ವಾಸನೆ ಎಂದರೆ ಸಣ್ಣ ವಾಸನೆಯಲ್ಲ. ಭಾನುವಾರ ದಾಂಡೇಲಿಯ ರೆಸಾರ್ಟಿಗೆ ಹೋಗಿ ಬಂದವರು ಬಿಯರು ಚೆಲ್ಲಿದ್ದರು, ಸೀಟಿನ ಸಂದಿಯಲ್ಲಿ ಕುರ್‌ಕುರೆ ಪುಡಿ ತುಂಬಿದ್ದರು, ಹಿಂದಿನ ಸಾಲಿನಲ್ಲಿ ಯಾರದೋ ಒದ್ದೆ ಕಾಲುಚೀಲ ಬಿಟ್ಟಿದ್ದರು. ಅವೆಲ್ಲದರ ಮೇಲೆ ಗಂಡ ಉದಯಕುಮಾರ ಕನ್ನಡಿಗೆ ತೂಗುಹಾಕಿದ್ದ ಸೆಂಟಿನ ಬಾಟಲಿ ಮಲ್ಲಿಗೆಯ ಹೆಸರಿನಲ್ಲಿ ಏನನ್ನೋ ಉಗುಳುತ್ತಿತ್ತು. ಹಳದಿ ಬೋರ್ಡಿನ ಈ ಗಾಡಿ ಬಂದಾಗಿನಿಂದ ಒಳಗನ್ನು ಒರೆಸುವುದು ಅವಳ ಕೆಲಸ. ಹಾಡು ತುಂಬುವುದೂ ಅವಳ ಕೆಲಸವೇ.

ಮದುವೆಗೆ ಮುಂಚೆ ಮುಂಡಗೋಡಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದಳು ಎಂಬುದೊಂದೇ ಕಾರಣ. ಹಳಿಯಾಳದಲ್ಲಿ ಗಾಡಿ ಇಟ್ಟ ನೆಂಟರೆಲ್ಲ ಹಪ್ಪಳದ ಹಿಟ್ಟು ತಂದು ಕೊಡುವಂತೆ ಪೆನ್‌ಡ್ರೈವ್ ತಂದು ಕೊಟ್ಟು ಹೋಗುತ್ತಿದ್ದರು. ಸೆಟ್ಟು ಕನ್ನಡ ಓದುವುದಿಲ್ಲ, ಕನ್ನಡದಲ್ಲಿ ಹೆಸರಿಟ್ಟರೆ ಸಾಲುಸಾಲು ಚೌಕ ತೋರಿಸುತ್ತದೆ. ಅದಕ್ಕಾಗಿ ಅವಳು ಒಂದೊಂದನ್ನೂ ಒಂದಿಷ್ಟು ಕೇಳಿ, ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದು, ಬೇರೆಬೇರೆ ಫೋಲ್ಡರಿಗೆ ಹಾಕುತ್ತಿದ್ದಳು. ದೇವರದ್ದು ಒಂದರಲ್ಲಿ, ಮರಾಠಿ ಇನ್ನೊಂದರಲ್ಲಿ, ಟೂರಿಸ್ಟರದ್ದು ಮತ್ತೊಂದರಲ್ಲಿ. ಹಾಗೆ ಕೇಳಿ ಕೇಳಿಯೇ ನೆಂಟರ ಪೈಕಿ ಯಾವ ಹಿರಿಯರ ಪೆನ್‌ಡ್ರೈವಿನಲ್ಲಿ ಎಂಥ ಹೊಲಸು ಇರುತ್ತದೆ ಎಂಬುದು ಅವಳಿಗೆ ಗೊತ್ತಾಗಿತ್ತು. ಹಬ್ಬದಲ್ಲಿ ಅವರ ಕಾಲಿಗೆ ಬೀಳುವಾಗ ಬೆರಳ ತುದಿಯಿಂದ ಮುಟ್ಟಿ ಎದ್ದುಬಿಡುತ್ತಿದ್ದಳು.

ಈ ಪೆನ್‌ಡ್ರೈವ್ ಹರೀಶನದು. ಅಂಬೇವಾಡಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು, ಮದುವೆ ಮೆರವಣಿಗೆಗೆ ಹಾಡು ಕೂಡಿಸಿ ಕೊಡುವವನು, ಗಂಡನ ಜೀವದ ಗೆಳೆಯ. ನಾಳೆ ಉಳವಿಗೆ ಗಾಡಿ ಪೂಜೆಗೆ ಹೋಗುವುದಿತ್ತು, ಅಷ್ಟರೊಳಗೆ ಹೊಸ ಹಾಡುಗಳೆಲ್ಲ ಸೆಟ್ಟಿನಲ್ಲಿ ಇರಬೇಕೆಂದು ಉದಯಕುಮಾರ ಹೇಳಿಹೋಗಿದ್ದ. ನೀಲಿ ಗೆರೆ ಕೊನೆ ಮುಟ್ಟಿತು. ಸುಮಿತಾ ಹೆಸರಿಲ್ಲದ ಒಂದು ಹಾಡನ್ನು ಒತ್ತಿದಳು.

ಮೊದಲು ಡೋಲಿನ ಪೆಟ್ಟು. ಗಾಡಿಯ ಬಾಗಿಲು ನಡುಗಿತು. ಆಮೇಲೆ ಗರಗರ ಎಂಬ ಸದ್ದು ಸುತ್ತಿಸುತ್ತಿ ಬಂತು, ಅದರೊಳಗಿಂದ ಒಂದು ಹೆಣ್ಣುದನಿ ಎದ್ದಿತು.

ದೂರಕ್ಕ ಕೊಟ್ಟೇನ ದಾರ್ಯಾಗ ಅಡವ್ಯುಂಟ
ದೀಪದ ಕುಡಿಯೇ ಸುಮಿತಾ, ಬಾ ನನ್ನ
ಕಲ್ಲೀನ ಮುಂದ ಕುಂತೇಳ

ಅವ್ವ. ತೀರಿಕೊಂಡು ವರ್ಷವಾದ ಅವ್ವ ಶಂಕ್ರೆವ್ವನ ದನಿ. ಆದರೆ ಮೂರನೆಯ ಸಾಲು ಮುಗಿಯುತ್ತಲೇ ಯಾರೋ ಕುತ್ತಿಗೆ ಹಿಡಿದು ಹಿಂದಕ್ಕೆ ಎಳೆದಂತೆ ಹಾಡು ಹಿಂದೆ ಸರಿಯಿತು. ಸುಮಿತಾ ಬಾ. ಸುಮಿತಾ ಬಾ. ಸುಮಿತಾ, ಸುಮಿತಾ, ಸುಮಿತಾ ಬಾ. ಪ್ರತಿ ಕರೆಯ ಹಿಂದೆ ಡೋಲಿನ ಜೊತೆ 'ಹಕ್ ಹಕ್' ಎಂದು ಏನೋ ಬಡಿಯುತ್ತಿತ್ತು. ಅದೇನೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲ. ಕಿವಿಯನ್ನು ಸ್ಪೀಕರಿಗೆ ಹತ್ತಿರ ಒಯ್ದಳು. ತಿಳಿಯಿತು.

ಅದು ಅವ್ವನ ಕೆಮ್ಮು.

ಹಾಡಿನ ನಡುವೆ ಅವ್ವ ಕೆಮ್ಮಿದ್ದಳು. ಮುಂಡಗೋಡಿನ ಟಿಬೆಟನ್ ಕಾಲೊನಿಯ ಹೊಲಗಳಲ್ಲಿ ಗೋವಿನಜೋಳ ಬಿಡಿಸುವ ಮಿಷನ್ನಿನ ಬಾಯಿಗೆ ನಿಂತು ನಿಂತು, ಆ ಧೂಳನ್ನೆಲ್ಲ ಎದೆಯೊಳಗೆ ತುಂಬಿಕೊಂಡಿದ್ದ ಅವ್ವನ ಒಣ ಕೆಮ್ಮು. ಕೊನೆಯ ಚಳಿಗಾಲದಲ್ಲಿ ಅದು ಬಂದರೆ ಕೈಯಲ್ಲಿದ್ದುದನ್ನು ಬಿಟ್ಟು ಗೋಡೆ ಹಿಡಿಯುತ್ತಿದ್ದಳು. ಅದನ್ನು ಕತ್ತರಿಸಿ, ತೊಳೆದು, ಜೋಡಿಸಿ, ತಾಳ ಮಾಡಿದ್ದರು.

ಸುಮಿತಾ ಒತ್ತಿ ನಿಲ್ಲಿಸಿದಳು. ಬಾಯಿತುಂಬ ನೀರು ಬಂತು. ಊಟದ ತಟ್ಟೆಯಲ್ಲಿ ಕೂದಲು ಸಿಕ್ಕಾಗ ಬರುವಂಥ ನೀರು.

"ಯಾಕ ಬಂದ ಮಾಡಿದಿ?" ಉದಯಕುಮಾರ ಗೇಟಿನಿಂದಲೇ ನಗುತ್ತ ಬಂದ. "ಹೆಂಗೈತಿ? ನಿನಗ ತೋರಿಸಬೇಕಂತ ಸುಮ್ಮನಿದ್ದೆ."

"ಇದು ನಮ್ಮವ್ವಂದು."

"ಗೊತ್ತೈತಿ ಮಾರಾಯ್ತಿ, ನಿಮ್ಮವ್ವಂದ. ನಮ್ಮವ್ವ ಹಾಡಿದ್ರ ಮಂದಿ ಊರ ಬಿಟ್ಟು ಓಡ್ತಿದ್ರು."

"ಏ ಬಾಡ್ಯಾ, ಕೇಳಸ್ತೈತಿ ನನಗ!" ಪಡಸಾಲೆಯಿಂದ ಅತ್ತೆ ನೀಲಕ್ಕನ ದನಿ ಬಂತು.

"ಕೇಳ್ಲಿ ಅಂತನ ಹೇಳಿದ್ದು!" ಎಂದು ಅವನು ಒಳಕ್ಕೆ ಕೂಗಿ, ಬಾಗಿಲಿಗೆ ಮೊಣಕೈ ಊರಿ ನಿಂತ.

"ಯಾರ ಕೊಟ್ರಿ ಇದನ್ನ ಅವರಿಗೆ?"

"ಯಾರ ಕೊಡೂದು? ನೀನ ಸೆಟ್ಟಿಗೆ ಹಾಕಿದ್ದಿ. ಪುಣೆದವರು ಬಂದಿದ್ರಲ್ಲ, ಹಾಡು ಮುಗದ ಕೂಡ್ಲೆ ಇದು ತಾನ ಹತ್ತಿಬಿಡ್ತು. ನಾ ಬಂದ ಮಾಡಾಕ ಹೋದ್ರ ಆ ಬಾಯಾರು, ಭಯ್ಯಾ ಯೇ ಕ್ಯಾ ಹೈ, ಫಿರ್ ಸೇ ಲಗಾವೋ ಅಂತ ಕುಂತ್ರು. ದಾರಿ ತುಂಬ ಅದನ್ನ ಕೇಳಿದ್ರು. ಹರೀಶಗ ಕೊಟ್ಟೆ. ದನಿ ಭಾರಿ ಐತಿ, ಬೀಟ್ ಇಲ್ಲ ಅಂದ. ಹಚ್ಚಿದ."

ಅವನು ಹೇಳಿದ್ದು ಸುಳ್ಳಲ್ಲ. ಗಾಡಿ ತೊಳೆಯುವಾಗ ಒಬ್ಬಳೇ ಕೇಳಿಕೊಳ್ಳಬಹುದೆಂದು ಆ ಒಂದು ಪದವನ್ನು ಅವಳು ತನ್ನ ಪೆನ್‌ಡ್ರೈವಿಗೆ ಹಾಕಿದ್ದಳು. ಸೆಟ್ಟು ಯಾವುದು ಬೇಕು, ಯಾವುದು ಬೇಡ ಎಂದು ಕೇಳುವುದಿಲ್ಲ, ಚುಚ್ಚಿದ್ದನ್ನೆಲ್ಲ ನುಂಗುತ್ತದೆ. ನುಂಗಿದ್ದು ಅವಳಿಗೆ ಗೊತ್ತಾಗಿರಲಿಲ್ಲ.

"ಆ ಕೆಮ್ಮು..." ಎಂದಳು.

"ಅದರಾಗ ಐತಿ ಮಜಾ! ಹರೀಶನ ತಲಿ ನೋಡು. ರೆಸಾರ್ಟಿನ್ಯಾಗ ಬೆಂಕಿ ಸುತ್ತ ಹುಡುಗ್ರು ಆ ಹಕ್ ಹಕ್ ಬಂದ ಕೂಡ್ಲೆ ಎದಿ ಹಿಡಕೊಂಡು ಕುಣಿತಾವ."

"ತಗೀರಿ ಅದನ್ನ. ಗಂಡಸರ ಮುಂದ ಹಚ್ಚಬ್ಯಾಡ ಅಂದಿದ್ಲು ಅವ್ವ."

"ಸತ್ತಾಕಿ ಬಂದು ಕೇಳ್ತಾಳೇನು? ಹೆಸರಾತು ಅಂತ ಖುಷಿ ಪಡಬೇಕು ನೀ." ಅವನ ಮುಖದಲ್ಲಿ ಮೋಸವಿರಲಿಲ್ಲ. ಹೆಂಡತಿಗೆ ಸೀರೆ ತಂದವನ ಮುಖವಿತ್ತು. "ಇನ್ನಾ ಅದಾವಲ್ಲ ನಿನ್ನ ಕಡೆ? ಎಲ್ಲಾ ತಗದ ಕೊಡು. ಲಗ್ನದ ಸೀಜನ್ ಬರಾಕತ್ತೈತಿ, ಹರೀಶ ಕಾಯಾಕತ್ಯಾನ."

"ನೋಡ್ತೇನಿ," ಎಂದಳು ಸುಮಿತಾ.

ಇನ್ನೂ ಇದ್ದವು, ಹಳೆಯ ಫೋನಿನ ಮೆಮೊರಿ ಕಾರ್ಡಿನಲ್ಲಿ. ಅಡುಗೆಮನೆಯ ಸಾಸಿವೆ ಡಬ್ಬಿಯೊಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದಳು. ತವರಿನಲ್ಲಿ ಬೀಸುವ ಕಲ್ಲು ಎಂದೋ ಮೂಲೆ ಸೇರಿತ್ತು, ಹಿಟ್ಟಿನ ಗಿರಣಿ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. "ಪದ ಹೇಳಬೇ ಯವ್ವಾ, ಫೋನಿನ್ಯಾಗ ಹಿಡದ ಇಟ್ಟಕೋತೇನಿ" ಎಂದರೆ ಅವ್ವ ಒಪ್ಪಿರಲಿಲ್ಲ. ಕಲ್ಲು ತಿರುಗದೆ ಪದ ಬರುವುದಿಲ್ಲ, ಬರಲೂಬಾರದು ಅಂದಳು. ಕೊನೆಗೆ ತಾನೇ ಕಲ್ಲು ಇಳಿಸಿ, ತೊಳೆದು, ಒಂದು ಮುಷ್ಟಿ ಜೋಳ ಹಾಕಿ ಕೂತಳು. ಕದ ಮುಂದಕ್ಕೆ ಹಾಕಿಸಿದಳು. ಅಪ್ಪ ಕರಿಬಸಪ್ಪ ಒಳಗೆ ಇಣುಕಿದಾಗ, "ಹೊರಗ ಹೋಗ್ರಿ ಅತ್ಲಾಗ, ಹೆಂಗಸರ ಮಾತು ನಿಮಗ್ಯಾಕ" ಎಂದು ಓಡಿಸಿದಳು. ಗಂಡನ ಮನೆಯ ಸಂಕಟ, ಅತ್ತೆ ತೂಕ ಮಾಡಿ ಹಾಕಿದ ಅನ್ನ, ಉಳಿಯದೆ ಹೋದ ಕೂಸು, ದೂರ ಕೊಟ್ಟ ಮಗಳು, ಎಲ್ಲ ಆ ಪದಗಳಲ್ಲಿದ್ದವು. ಅವನ್ನು ಅವ್ವ ಎಂದೂ ಮಾತಿನಲ್ಲಿ ಆಡಿರಲಿಲ್ಲ. ಹಾಡಿ ಮುಗಿದ ಮೇಲೆ ಕಲ್ಲನ್ನು ಮುಟ್ಟಿ ಹಣೆಗೆ ಒತ್ತಿಕೊಂಡಳು. ಕಲ್ಲಿಗೆ ಹೇಳಿದ್ದು ಕಲ್ಲಿನ ಹತ್ತಿರವೇ ಇರಬೇಕು, ಎದ್ದ ಮೇಲೆ ಅದನ್ನು ಅಂಗಳಕ್ಕೆ ಒಯ್ಯಬಾರದು ಎಂಬುದು ಅವಳ ಅವ್ವನ ಕಾಲದಿಂದ ಬಂದ ರೂಢಿ.

ಸಂಜೆ ಸುಮಿತಾ ಪೆನ್‌ಡ್ರೈವಿನಿಂದಲೂ ಸೆಟ್ಟಿನಿಂದಲೂ ಆ ಹಾಡನ್ನು ಅಳಿಸಿ ಹಾಕಿದಳು. ಅಳಿಸಿ, ಕೈ ತೊಳೆದುಕೊಂಡಳು.

ಮರುದಿನ ಅಂಬೇವಾಡಿಯಲ್ಲಿ ಹರೀಶ ಗಾಡಿ ಹತ್ತಿದ. ಹತ್ತುತ್ತಲೇ, "ಏನ್ ವೈನಿ, ಸ್ಟಾರ್ ಆದ್ರಿ! ಜೋಯಿಡಾತನಾ ನಿಮ್ಮ ಹೆಸರ ಕೇಳ್ರಿ ಈಗ" ಎಂದ. ಸೆಟ್ಟಿನಲ್ಲಿ ಹಾಡು ಸಿಗದಿದ್ದಾಗ ಉದಯಕುಮಾರ ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯ ಹೊರಗೆ ನೋಡಿದಳು. ಹರೀಶ ತನ್ನ ಫೋನನ್ನೇ ಸೆಟ್ಟಿಗೆ ಜೋಡಿಸಿ ಹಚ್ಚಿಬಿಟ್ಟ. ಅಳಿಸಿದ್ದು ಎಷ್ಟು ಹುಚ್ಚು ಕೆಲಸವೆಂದು ಆಗ ಅವಳಿಗೆ ಹೊಳೆಯಿತು.

ಕಾಡಿನ ದಾರಿ. ತಿರುವು ಬಂದಲ್ಲೆಲ್ಲ ಹಿಂದಿನ ಸೀಟಿನ ಬುತ್ತಿಗಂಟು ಅತ್ತಿತ್ತ ಉರುಳುತ್ತಿತ್ತು. ಸುಮಿತಾ ಬಾ, ಹಕ್ ಹಕ್. ಸುಮಿತಾ ಬಾ, ಹಕ್ ಹಕ್. ಹರೀಶ ಮುಂದಿನ ಸೀಟಿನ ಬೆನ್ನಿಗೆ ಬೆರಳಿನಿಂದ ಬಡಿಯುತ್ತಿದ್ದ. ನೀಲಕ್ಕ ಮೊದಲು ಸುಮ್ಮನೆ ಕೂತಿದ್ದಳು, ಆಮೇಲೆ ಬಳೆ ಸದ್ದಾಗುವಂತೆ ಚಪ್ಪಾಳೆ ತಟ್ಟತೊಡಗಿದಳು.

"ನೋಡ ಸುಮಿತಾ, ನಿಮ್ಮವ್ವ ಬದುಕಿದ್ದಾಗ ನನ್ನ ಮುಂದ ಒಂದು ಪದ ಹೇಳಲಿಲ್ಲ. ಬೀಗತಿ ಅಂತ ಬಿಗುಮಾನ ಮಾಡಿದ್ಲು. ಈಗ ದಾರಿ ತುಂಬ ಹಾಡಾಕತ್ಯಾಳ!"

ಎಲ್ಲರೂ ನಕ್ಕರು. ಸುಮಿತಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಸೆಂಟಿನ ಬಾಟಲಿ ಕಣ್ಣೆದುರು ತೂಗುತ್ತಿತ್ತು.

ಜೋಯಿಡಾ ದಾಟಿ ಒಂದು ಹೋಟೆಲಿನ ಮುಂದೆ ಚಹಾಕ್ಕೆ ನಿಂತರು. ಅಲ್ಲಿ ಆಗಲೇ ಒಂದು ಜೀಪು ನಿಂತಿತ್ತು. ನಾಲ್ಕಾರು ಗಂಡಸರು ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮಿಸಳ ತಿನ್ನುತ್ತಿದ್ದರು. ಬಾಗಿಲು ತೆರೆದೇ ಇದ್ದ ತಮ್ಮ ಗಾಡಿಯಿಂದ ಹಾಡು ಹೊರಗೆ ಬಂದದ್ದೇ ತಡ, ಅವರಲ್ಲೊಬ್ಬ ತಟ್ಟೆ ಕೆಳಗಿಟ್ಟು ಎದ್ದ.

"ಅರೆ, ಸುಮಿತಾವಾಲಾ! ರಾತ್ರಿ ರೆಸಾರ್ಟಿನ್ಯಾಗ ಹಚ್ಚಿದ್ರಲ್ಲಲೇ!"

ಅವನು ಎದೆಯ ಮೇಲೆ ಮುಷ್ಟಿಯಿಟ್ಟು, ನಾಲಗೆ ಹೊರಚಾಚಿ, ಬೆನ್ನು ಬಗ್ಗಿಸಿ ಕೆಮ್ಮಿದ. ಮುದುಕಿಯಂತೆ ಕೆಮ್ಮಿದ. ಉಳಿದವರೂ ಎದ್ದರು. ಬಾಯಿಯಿಂದ ಮಿಸಳದ ಕೆಂಪು ರಸ ಸಿಡಿಯುವಂತೆ "ಸುಮಿತಾ ಬಾ!" ಎಂದು ಕೂಗಿ, ಹಕ್ ಹಕ್ ಬಂದಲ್ಲಿ ಸೊಂಟ ಮುಂದೆ ತಳ್ಳಿದರು.

ಸುಮಿತಾಳಿಗೆ ನೆಲ ನೋಡುವುದೊಂದೇ ಉಳಿದಿತ್ತು. ಚಪ್ಪಲಿಯ ಹತ್ತಿರ ಬಿದ್ದ ಚಹಾದ ಕಪ್ಪಿನ ಮೇಲೆ ನೊಣಗಳು ಕೂತಿದ್ದವು. ಇನ್ನೇನು ಮುಗಿಯುತ್ತದೆ, ಇನ್ನೇನು ಮುಗಿಯುತ್ತದೆ ಎಂದುಕೊಳ್ಳುವಷ್ಟರಲ್ಲಿ ಗಂಡನ ಕೈ ಅವಳ ಹೆಗಲ ಮೇಲೆ ಬಂತು.

"ಆ ಸುಮಿತಾ ಇಕೀನ ನೋಡ್ರಿ!" ಎಂದ ಅವನು, ದೊಡ್ಡ ದನಿಯಲ್ಲಿ. "ನಮ್ಮ ಮಿಸೆಸ್ಸು. ಹಾಡಿದಾಕಿ ಇವರ ತಾಯಿ!"

ಒಂದು ಗಳಿಗೆ ಅವರು ಮಿಕಮಿಕ ನೋಡಿದರು. ಆಮೇಲೆ ಸಿಳ್ಳೆ ಬಿತ್ತು. ಒಬ್ಬ ಫೋನು ಹಿಡಿದು, "ಮ್ಯಾಡಮ್, ಒಂದ ಸೆಲ್ಫಿ ರೀ" ಎಂದು ಹತ್ತಿರ ಬಂದ. ಅವನ ಬರಿಮೈ ಬೆವರು ಅವಳ ತೋಳಿಗೆ ತಾಕಿತು. ಇನ್ನೊಬ್ಬ, "ಮ್ಯಾಡಮ್, ನೀವೊಮ್ಮೆ ಕೆಮ್ಮರಲ್ಲ!" ಎಂದ.

ಅವಳು ತೋಳು ಕೊಸರಿಕೊಂಡು ಹೋಟೆಲಿನ ಹಿಂದಕ್ಕೆ ಓಡಿದಳು. ಪಾತ್ರೆ ತೊಳೆದ ನೀರು ನಿಂತ ಕಡೆ ಬಗ್ಗಿ, ಬೆಳಗಿನ ಉಪ್ಪಿಟ್ಟನ್ನೆಲ್ಲ ಕಾರಿಕೊಂಡಳು. ತೋಳಿನ ಆ ಜಾಗವನ್ನು ಸೆರಗಿನಿಂದ ತಿಕ್ಕಿದಳು, ಕೆಂಪಾಗುವವರೆಗೆ ತಿಕ್ಕಿದಳು.

ನೀಲಕ್ಕ ಬಂದು ಬೆನ್ನು ಸವರಿದಳು, ಲಿಂಬೆಹಣ್ಣು ಮೂಸಿಸಿದಳು. "ತಿರುವಿನ ದಾರಿ ತಲಿಗೇರ್ತೈತಿ. ನನಗೂ ಮೊದಲ ಹಿಂಗ ಆಗತಿತ್ತು."

ಸುಮಿತಾ ಬಾಯಿ ಮುಕ್ಕಳಿಸಲು ಬೊಗಸೆಯೊಡ್ಡಿದಳು. ನೀಲಕ್ಕ ಚೊಂಬಿನ ನೀರು ಸುರಿಯುತ್ತ, ಯಾರಿಗೋ ಎಂಬಂತೆ ಅಂದಳು: "ಬೀಸೋ ಪದಕ್ಕ ಕುಣೀಬಾರದು ಅಂತಿದ್ರು ನಮ್ಮ ಹಿರ್ಯಾರು. ಈಗಿನವರಿಗೆ ಯಾರ ಹೇಳಬೇಕು." ಚೊಂಬು ಕೆಳಗಿಟ್ಟು, "ನಾನೂ ಚಪ್ಪಾಳಿ ಹೊಡದೆ ಖರೆ. ಹೊಡದಮ್ಯಾಲ ತಿಳೀತು" ಎಂದಳು. ಗಾಡಿ ಹತ್ತುವಾಗ ಮಗನಿಗೆ, "ಹಾಡ ಬಂದ ಮಾಡಲೇ, ಆಕಿಗೆ ಆರಾಮಿಲ್ಲ" ಎಂದಷ್ಟೇ ಗದರಿಸಿದಳು.

ಉಳವಿಯಲ್ಲಿ ಗಾಡಿಗೆ ಪೂಜೆಯಾಯಿತು. ಗಾಲಿಯ ಕೆಳಗೆ ಲಿಂಬೆಹಣ್ಣು ಅಪ್ಪಚ್ಚಿಯಾಯಿತು, ಕಾಯಿ ಒಡೆಯಿತು, ಸೆಟ್ಟಿನ ಪರದೆಗೂ ಉದಯಕುಮಾರ ವಿಭೂತಿ ಬಳಿದ. ದೇವರ ಮುಂದೆ ಕೈಮುಗಿದು ನಿಂತ ಸುಮಿತಾಳಿಗೆ ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ. ಬಾಯಿಯಲ್ಲಿ ಇನ್ನೂ ಹುಳಿ ಇತ್ತು.

ಮಾರನೆಯ ಬೆಳಿಗ್ಗೆ ಉದಯಕುಮಾರ ಬೆಳಗಾವಿಯ ಗಿರಾಕಿಗಳನ್ನು ಕರೆತರಲು ಹೊರಟ. ಬಾಗಿಲಲ್ಲಿ ಬೂಟು ಏರಿಸುತ್ತ, "ಆ ಹಾಡ ಅಳಿಸಿದ್ದಿ, ಇರ್ಲಿ ಬಿಡು. ಉಳಿದುವನ್ನ ಸಂಜಿತನಾ ಪೆನ್‌ಡ್ರೈವಿಗೆ ಹಾಕಿ ಇಡು. ಹರೀಶ ತಾನ ಬಂದು ಒಯ್ತಾನ" ಎಂದ.

"ಅದರಾಗ ಅವ್ವ ಅಳತಾಳ್ರಿ ಕೆಲವು ಕಡೆ."

"ಅಳೂದು ಇದ್ರ ಇನ್ನಾ ಚಲೋ," ಎಂದ ಉದಯಕುಮಾರ. ನಡುಬಾಗಿದ್ದವನು ತಲೆಯೆತ್ತಿ ಅವಳನ್ನು ನೋಡಿದ. "ಏ, ನಿನಗ ಬ್ಯಾಸರ ಆಗಾಕತ್ತೈತೇನು? ಬ್ಯಾರೆದವರ ತಾಯಿ ದನಿ ಸತ್ತಮ್ಯಾಲ ಯಾರ ಕೇಳ್ತಾರ? ನಿಮ್ಮವ್ವಂದು ಸಾವಿರಾರು ಮಂದಿ ಕೇಳಾಕತ್ಯಾರ."

ಅವಳು ಅವನ ಬೂಟನ್ನೇ ನೋಡಿದಳು. ಈ ಮನುಷ್ಯನಿಗೆ ಹೇಳಿ ತಿಳಿಸಬೇಕಾದರೆ, ಆ ಪದಗಳಲ್ಲಿ ಏನೇನಿದೆ ಎಂದು ಮೊದಲು ಹೇಳಬೇಕು. ಹೇಳಿದರೆ ಅದೂ ಅವನಿಗೆ ಹಾಡಿಗೆ ಒದಗುವ ಸರಕು. "ಹೂಂ" ಎಂದಳು.

ಗಾಡಿ ಹೋದ ಮೇಲೆ ಅಡುಗೆಮನೆಗೆ ಬಂದು ಸಾಸಿವೆ ಡಬ್ಬಿ ಇಳಿಸಿದಳು. ಪ್ಲಾಸ್ಟಿಕ್ ಬಿಚ್ಚಿ, ಉಗುರಿನಷ್ಟಿದ್ದ ಆ ಕಾರ್ಡನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಒಲೆಯಲ್ಲಿ ಹಾಕಿದರೆ ಒಂದೇ ಗಳಿಗೆ. ಆದರೆ ಹಾಕಿದರೆ ಅವ್ವ ಇನ್ನೊಮ್ಮೆ ಸತ್ತಂತೆ, ಉಳಿಯುವುದು ಆ ಹಕ್ ಹಕ್ ಒಂದೇ. ಇಟ್ಟರೆ, ಇವತ್ತಲ್ಲ ನಾಳೆ ಯಾರದೋ ಕೈಗೆ ಸಿಗುತ್ತದೆ. ಅಳಿಸಿದ್ದೂ ಹರೀಶನ ಫೋನಿನಿಂದ ಎದ್ದು ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ತುಂಬುವ ಯಂತ್ರ ಯಾವುದಾದರೇನು, ಅದು ಯಾರು ಚುಚ್ಚಿದರೂ ಬಾಯಿ ಬಿಡುತ್ತದೆ.

ಕಾರ್ಡನ್ನು ಹಳೆಯ ಫೋನಿಗೆ ಹಾಕಿದಳು. ಇಯರ್‌ಫೋನಿನ ಒಂದು ತುದಿಯನ್ನು ಕಿವಿಗೆ ಸಿಕ್ಕಿಸಿ, ತಲೆಯ ಮೇಲೆ ಸೆರಗು ಹೊದ್ದಳು. ಶೇಂಗಾ ಚಟ್ನಿಗೆ ಎಲ್ಲ ಹಾಕಿ ಮಿಕ್ಸರಿನ ಗುಂಡಿ ತಿರುಗಿಸಿದಳು. ಅದು ಗರ್ರೆಂದಿತು, ಆ ಸದ್ದಿನಡಿ ಅವ್ವ ಮೊದಲನೆಯ ಪದ ಎತ್ತಿದಳು. ಸುಮಿತಾ ತುಟಿ ಅಲ್ಲಾಡಿಸಿದಳು. ಮೊದಲು ದನಿ ಹೊರಡಲಿಲ್ಲ. ಎರಡನೆಯ ಸಾಲಿಗೆ ಹೊರಟಿತು, ಒರಟಾಗಿ, ಅವ್ವನದಕ್ಕಿಂತ ದಪ್ಪವಾಗಿ. ಮಿಕ್ಸರು ಅದನ್ನು ಮುಚ್ಚಿ ಹಾಕಿತು.

"ಎಷ್ಟ ಹೊತ್ತ ತಿರುವತಿ? ಸುಟ್ಟಗಿಟ್ಟೀತು ಮಿಕ್ಸರು!" ನೀಲಕ್ಕ ಪಡಸಾಲೆಯಿಂದ ಕೂಗಿದಳು.

"ಶೇಂಗಾ ನುಣ್ಣಗಾಗವಲ್ದ್ರಿ ಅತ್ತಿ."

ಸಂಜೆ ಗಂಡ ಕೇಳಿದರೆ ಕಾರ್ಡು ಕೆಟ್ಟಿದೆ, ತೆರೆಯುತ್ತಿಲ್ಲ ಎನ್ನಬೇಕು. ಅವನು ಬೈದುಕೊಂಡಾನು, ಅಂಗಡಿಗೆ ಒಯ್ಯುತ್ತೇನೆ ಎಂದಾನು, ನಾಳೆ ನಾಡಿದ್ದು ಎಂದು ತಳ್ಳಬೇಕು. ಅಷ್ಟರೊಳಗೆ ಚಟ್ನಿ, ಖಾರ, ಇಡ್ಲಿಯ ಹಿಟ್ಟು, ಯಾವುದಕ್ಕೆ ಮಿಕ್ಸರು ತಿರುಗಿದರೂ ಒಂದೊಂದು ಪದ. ಕೊನೆಯ ಪದ ಬಾಯಿಗೆ ಬಂದ ದಿನ ಕಾರ್ಡನ್ನು ಒರಳಕಲ್ಲಿನ ಮೇಲಿಟ್ಟು ಗುಂಡಿನಿಂದ ಜಜ್ಜಿ ಒಲೆಗೆ ಹಾಕುವುದೆಂದು ಅವಳು ನಿಶ್ಚಯಿಸಿದಳು. ಅತ್ತೆಗೂ ಹೇಳುವುದಿಲ್ಲ, ತವರಿಗೆ ಹೋದಾಗ ಅಪ್ಪನಿಗೂ ಹೇಳುವುದಿಲ್ಲ.

ಮಿಕ್ಸರಿನ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದು ಮತ್ತೆ ಗುಂಡಿ ತಿರುಗಿಸಿದಳು. ಕಿವಿಯಲ್ಲಿ ಅವ್ವ ಕೆಮ್ಮಿದಳು, ಗೋಡೆ ಹಿಡಿದಳು, ಉಸಿರು ಎಳೆದುಕೊಂಡಳು. ಸುಮಿತಾ ಬಾಯಿ ಮುಚ್ಚಿಕೊಂಡು, ಅವ್ವನಿಗೆ ಮತ್ತೆ ಹಾಡಲು ಆಗುವವರೆಗೆ ಕಾದಳು.